ಮೂರನೇ ತಂತಿಯಲ್ಲಿ ಅಡಗಿರುವ ‘ಮಿಸ್ಟಿ’

ಪ್ರಶ್ನೆ: ನಾಲ್ಕು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಓಪನ್ ಕಾರ್ಡ್, ಬಾರೆ ಕಾರ್ಡ್ ಎಲ್ಲ ಬರುತ್ತವೆ. ಹಾಡುವವರಿಲ್ಲದೆ, ಒಬ್ಬನೇ ಗಿಟಾರಿನಲ್ಲಿ ಒಂದು ಹಳೆಯ ಜಾಝ್ ಬ್ಯಾಲಡ್ (ನಿಧಾನ ಲಯದ ಹಾಡು) ನುಡಿಸಬೇಕು ಅನ್ನುವುದು ಬಹಳ ದಿನದ ಆಸೆ. ‘ಮಿಸ್ಟಿ’ ಆರಿಸಿಕೊಂಡು, ಟ್ಯಾಬ್ ನೋಡಿ ಪೂರ್ತಿ ಬಾಯಿಪಾಠ ಮಾಡಿದೆ. ಬೆರಳು ಸರಿಯಾದ ಜಾಗಕ್ಕೇ ಹೋಗುತ್ತದೆ. ಆದರೆ ರೆಕಾರ್ಡ್ ಮಾಡಿ ಕೇಳಿದರೆ ಒಂದಾದ ಮೇಲೊಂದು ಕಾರ್ಡ್ ಬರುತ್ತಿದೆ ಅಷ್ಟೇ, ಹಾಡು ಕೇಳಿಸುವುದಿಲ್ಲ. ನಡುವೆ ಎಲ್ಲಾದರೂ ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಎಲ್ಲಿ ಎಡವುತ್ತಿದ್ದೇನೆ? ಇದಕ್ಕೆ ಬೇರೆ ಗಿಟಾರ್ ಬೇಕಾ? ಎಷ್ಟು ಸಮಯ ಹಿಡಿಯುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ‘ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು’ ಅನ್ನುವ ಮಾತಿನ ಮೇಲೆ. ಹಾಡು ಕೇಳಿಸುತ್ತಿಲ್ಲ ಅನ್ನುವುದಕ್ಕೂ ಕಾರಣ ಅಲ್ಲೇ ಇದೆ. ನಿಮ್ಮ ಬೆರಳಿಗೆ ಈ ಹಾಡು ಗೊತ್ತು, ಕಿವಿಗೆ ಇನ್ನೂ ಗೊತ್ತಿಲ್ಲ. ಟ್ಯಾಬ್ ಹೇಳುವುದು ಯಾವ ತಂತಿ, ಯಾವ ಫ್ರೆಟ್ (ತಂತಿ ಒತ್ತುವ ಮನೆ) ಅಂತ ಮಾತ್ರ. ಅಲ್ಲಿ ಒಂದರ ಮೇಲೊಂದು ಬರೆದ ನಾಲ್ಕು ಅಂಕಿಗಳಲ್ಲಿ ಯಾವುದು ಹಾಡು, ಯಾವುದು ಬೇಸ್, ಯಾವುದು ನಡುವಿನ ಸ್ವರ ಅಂತ ಅದು ಹೇಳುವುದಿಲ್ಲ. ಹಾಗಾಗಿ ನೀವು ನಾಲ್ಕಕ್ಕೂ ಒಂದೇ ತೂಕ ಕೊಡುತ್ತೀರಿ. ಕೇಳುವವರಿಗೆ ಕಾರ್ಡ್ ಕೇಳಿಸುತ್ತದೆ, ಹಾಡು ಒಳಗೇ ಉಳಿಯುತ್ತದೆ.

ಒಬ್ಬರೇ ಕೂತು ಬ್ಯಾಲಡ್ ನುಡಿಸುವಾಗ ಮೂರು ಜನರ ಕೆಲಸ ನಿಮ್ಮ ಎರಡು ಕೈ ಮೇಲಿರುತ್ತದೆ. ಹಾಡುವವರದು, ಬೇಸ್ ನುಡಿಸುವವರದು, ಇಬ್ಬರ ನಡುವೆ ಸ್ವರ ತುಂಬುವವರದು. ಈ ಮೂರನ್ನೂ ಬೇರೆ ಬೇರೆಯಾಗಿ ಕಲಿತು ಆಮೇಲೆ ಜೋಡಿಸಬೇಕು. ಎಲ್ಲವನ್ನೂ ಒಟ್ಟಿಗೆ ಕಾರ್ಡ್ ಆಕಾರವಾಗಿ ಕಲಿತರೆ, ಆಮೇಲೆ ಬಿಡಿಸುವುದು ತುಂಬಾ ಕಷ್ಟ. ಸದ್ಯಕ್ಕೆ ಆ ಟ್ಯಾಬ್ ಎತ್ತಿಡಿ. ನಿಮ್ಮ ಶ್ರಮ ವ್ಯರ್ಥವಾಗಿಲ್ಲ, ಬೆರಳು ಕಲಿತದ್ದು ಮುಂದೆ ಉಪಯೋಗಕ್ಕೆ ಬರುತ್ತದೆ.

ನೀವು ಆರಿಸಿದ ಹಾಡು ಬಹಳ ಒಳ್ಳೆಯದು. ಅದನ್ನು ಕಟ್ಟಿದ್ದು ಎರಲ್ ಗಾರ್ನರ್, 1954ರಲ್ಲಿ. ಪಿಟ್ಸ್‌ಬರ್ಗ್‌ನಲ್ಲಿ 1921ರಲ್ಲಿ ಹುಟ್ಟಿದ ಈ ಪಿಯಾನೋ ವಾದಕರಿಗೆ ನೋಟೇಶನ್ ಓದಲು ಬರುತ್ತಿರಲಿಲ್ಲ. ಎಲ್ಲವೂ ಕಿವಿಯಿಂದಲೇ. ಮೊದಲು ಇದು ಬರೀ ವಾದ್ಯದ ಟ್ಯೂನ್ ಆಗಿತ್ತು. ಆಮೇಲೆ ಜಾನಿ ಬರ್ಕ್ ಸಾಹಿತ್ಯ ಬರೆದರು, 1959ರಲ್ಲಿ ಜಾನಿ ಮ್ಯಾಥಿಸ್ ಹಾಡಿ ಎಲ್ಲರ ಮನೆಮಾತಾಯಿತು. ಗಾರ್ನರ್ ಅವರ ಎಡಗೈ ಪಿಯಾನೋದಲ್ಲಿ ಗಿಟಾರ್ ಸ್ಟ್ರಮ್ ಮಾಡಿದ ಹಾಗೆ ಬೀಟ್ ಬೀಟಿಗೂ ಕಾರ್ಡ್ ಇಡುತ್ತಿತ್ತು, ಬಲಗೈ ಅದಕ್ಕಿಂತ ಚೂರು ತಡವಾಗಿ ಹಾಡುತ್ತಿತ್ತು. ಅದನ್ನು ಒಮ್ಮೆ ಗಮನವಿಟ್ಟು ಕೇಳಿ. ಹಾಡುವ ಕೈ, ಜೊತೆ ಕೊಡುವ ಕೈ ಎರಡೂ ಎಷ್ಟು ಬೇರೆ ಬೇರೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಹಾಡಿನ ಉದ್ದ 32 ಬಾರ್, ಒಂದು ಬಾರ್ ಅಂದರೆ ನಾಲ್ಕು ಬೀಟ್. ಎಂಟು ಬಾರಿನ ನಾಲ್ಕು ತುಂಡುಗಳು: ಎ, ಎ, ಬಿ, ಎ. ಮೂರು ‘ಎ’ಗಳೂ ಹೆಚ್ಚು ಕಡಿಮೆ ಒಂದೇ, ಮುಗಿಯುವ ರೀತಿ ಮಾತ್ರ ಬೇರೆ. ಅಂದರೆ ನೀವು ಕಲಿಯಬೇಕಾದ್ದು ಹದಿನಾರೇ ಬಾರ್. ನಿಮಿಷಕ್ಕೆ 60 ಬೀಟ್ ಇಟ್ಟುಕೊಂಡರೆ ಪೂರ್ತಿ ಒಂದು ಸುತ್ತಿಗೆ ಎರಡು ನಿಮಿಷ ಎಂಟು ಸೆಕೆಂಡ್ ಬೇಕು. ಇಷ್ಟು ಚಿಕ್ಕದು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಮೊದಲು ಹಾಡಿ. ಗಿಟಾರ್ ಕೆಳಗಿಟ್ಟು ಬಾಯಲ್ಲಿ ಹಾಡಿ. ದನಿ ಚೆನ್ನಾಗಿರಬೇಕಾಗಿಲ್ಲ, ಶ್ರುತಿ ಹತ್ತಿರ ಹತ್ತಿರ ಇದ್ದರೆ ಸಾಕು. ಮ್ಯಾಥಿಸ್ ಹಾಡಿದ್ದನ್ನೋ ಸಾರಾ ವಾನ್ ಹಾಡಿದ್ದನ್ನೋ ಹಾಕಿಕೊಂಡು, ಸಾಹಿತ್ಯ ಮುಂದಿಟ್ಟುಕೊಂಡು ಜೊತೆಗೆ ಹಾಡಿ. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಗಿಟಾರಿಗೆ ಉಸಿರಾಟ ಇಲ್ಲ. ನಾವು ಬಿಡುವು ಕೊಡದೆ ನುಡಿಸುತ್ತಲೇ ಹೋಗಬಹುದು, ಹೋಗುತ್ತೇವೆ ಕೂಡ. ಆದರೆ ಬ್ಯಾಲಡ್ ನಿಂತಿರುವುದೇ ಸಾಲು ಸಾಲಿನ ನಡುವಿನ ಆ ಬಿಡುವಿನ ಮೇಲೆ. ಸಾಹಿತ್ಯ ಗೊತ್ತಿದ್ದವರ ಬೆರಳು ತಾನಾಗಿಯೇ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ.

ಆಮೇಲೆ ಆ ಟ್ಯೂನನ್ನು ಗಿಟಾರಿನ ಮೇಲಿನ ಎರಡು ತಂತಿಗಳಲ್ಲಿ, ಅಂದರೆ ತೆಳ್ಳಗಿನ ಎರಡು ತಂತಿಗಳಲ್ಲಿ, ಕಿವಿಯಿಂದ ಹುಡುಕಿ. ಬರೆದ ನೋಟೇಶನ್‌ಗಿಂತ ಒಂದು ಆಕ್ಟೇವ್ (ಒಂದು ಸ್ಥಾಯಿ) ಮೇಲೆ ನುಡಿಸಬೇಕಾಗುತ್ತದೆ, ಇಲ್ಲದಿದ್ದರೆ ಕೆಳಗೆ ಕಾರ್ಡಿಗೆ ಜಾಗವೇ ಇರುವುದಿಲ್ಲ. ಮೊದಲ ಮೂರು ಸ್ವರ ನಾನೇ ಹೇಳುತ್ತೇನೆ. ಬಿ-ಫ್ಲಾಟ್, ಜಿ, ಡಿ. ಒಂದನೇ ತಂತಿಯ 6ನೇ ಫ್ರೆಟ್, ಅದೇ ತಂತಿಯ 3ನೇ ಫ್ರೆಟ್, ಎರಡನೇ ತಂತಿಯ 3ನೇ ಫ್ರೆಟ್. ಮೊದಲ ಎರಡು ಸ್ವರ ಬಾರ್ ಶುರುವಾಗುವುದಕ್ಕೆ ಮುಂಚೆಯೇ ಬರುತ್ತವೆ. ಮೂರನೆಯದು, ಆ ಡಿ, ಮೊದಲ ಬೀಟಿನ ಮೇಲೆ ಬಂದು ಕೂರುತ್ತದೆ.

ಈ ಡಿ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಕಾರ್ಡ್ ಇ-ಫ್ಲಾಟ್ ಮೇಜರ್ 7. ಹಾಡು ಹೋಗಿ ನಿಲ್ಲುವುದು ಅದರ ಏಳನೇ ಸ್ವರದ ಮೇಲೆ. ಇ-ಫ್ಲಾಟ್‌ಗೆ ಇನ್ನೊಂದೇ ಫ್ರೆಟ್ ಬಾಕಿ ಇದೆ, ಆದರೆ ಅಲ್ಲಿಗೆ ಹೋಗುವುದಿಲ್ಲ. ಹಾಡಿನ ಮೊದಲ ಕ್ಷಣದಲ್ಲೇ ಏನೋ ಪೂರ್ತಿಯಾಗದ ಹಾಗೆ ಅನಿಸುವುದು ಇದರಿಂದ. ನುಡಿಸುವ ರೀತಿ ಹೀಗೆ: ಕಿರುಬೆರಳಲ್ಲಿ ಬಿ-ಫ್ಲಾಟ್ ನುಡಿಸಿ. ತೋರುಬೆರಳನ್ನು 3ನೇ ಫ್ರೆಟ್‌ನಲ್ಲಿ ಮೇಲಿನ ಮೂರು ತಂತಿಗಳ ಮೇಲೆ ಅಡ್ಡ ಮಲಗಿಸಿ ಜಿ ನುಡಿಸಿ. ಆ ತೋರುಬೆರಳು ಇನ್ನು ಅಲ್ಲಾಡಬಾರದು. ಜಿ ಇನ್ನೂ ಕೇಳಿಸುತ್ತಿರುವಾಗಲೇ ಉಂಗುರ ಬೆರಳು ನಾಲ್ಕನೇ ತಂತಿಯ 5ನೇ ಫ್ರೆಟ್‌ಗೆ, ಕಿರುಬೆರಳು ಐದನೇ ತಂತಿಯ 6ನೇ ಫ್ರೆಟ್‌ಗೆ ಹೋಗಲಿ. ಈಗ ಐದರಿಂದ ಎರಡನೇ ತಂತಿಯವರೆಗೆ ನಾಲ್ಕು ತಂತಿ ಒಟ್ಟಿಗೆ ನುಡಿಸಿ. ಇ-ಫ್ಲಾಟ್, ಜಿ, ಬಿ-ಫ್ಲಾಟ್, ಮೇಲೆ ಡಿ. ಇದೇ ಕಾರ್ಡ್, ಇದೇ ಹಾಡು. ನಿಮ್ಮ ಟ್ಯಾಬ್‌ನಲ್ಲೂ ಬಹುಶಃ ಇದೇ ಇತ್ತು. ಆದರೆ ಈಗ ನಿಮ್ಮ ಕೈ ಕಾರ್ಡ್ ಹಿಡಿಯಲಿಕ್ಕೆ ಅಂತ ಹೋಗಲಿಲ್ಲ, ಟ್ಯೂನ್ ಹಿಂದೆ ಹೋಯಿತು. ಕೇಳಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಉಳಿದ ಟ್ಯೂನ್ ನೀವೇ ಹುಡುಕಿ. ನಾನು ಹೇಳಿಬಿಟ್ಟರೆ ಅದು ಇನ್ನೊಂದು ಟ್ಯಾಬ್ ಆಗುತ್ತದೆ ಅಷ್ಟೇ.

ಈಗ ಈ ಉತ್ತರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಟ್ಯೂನ್ ಮೇಲಿದೆ, ಬೇಸ್ ಕೆಳಗಿದೆ. ಎರಡೂ ಕಿವಿಗೆ ಬೇಗ ಸಿಗುತ್ತವೆ. ನಡುವಿನ ದನಿಯನ್ನು ಯಾರೂ ಗಮನಿಸುವುದಿಲ್ಲ, ಆದರೆ ಹಾಡನ್ನು ಹೊತ್ತಿರುವುದು ಅದೇ. ‘ಮಿಸ್ಟಿ’ಯ ಮೊದಲ ಐದು ಬಾರ್‌ನ ಕಾರ್ಡ್‌ಗಳು ಇವು: ಇ-ಫ್ಲಾಟ್ ಮೇಜರ್ 7 ಒಂದು ಬಾರ್. ಬಿ-ಫ್ಲಾಟ್ ಮೈನರ್ 7, ಇ-ಫ್ಲಾಟ್ 7 ಸೇರಿ ಒಂದು ಬಾರ್. ಎ-ಫ್ಲಾಟ್ ಮೇಜರ್ 7 ಒಂದು ಬಾರ್. ಎ-ಫ್ಲಾಟ್ ಮೈನರ್ 7, ಡಿ-ಫ್ಲಾಟ್ 7 ಸೇರಿ ಒಂದು ಬಾರ್. ಮತ್ತೆ ಇ-ಫ್ಲಾಟ್ ಮೇಜರ್ 7. ಏಳು ಕಾರ್ಡ್. ಏಳು ಆಕಾರ ಅಂತ ನೆನಪಿಡಲು ಹೋದರೆ ತಲೆ ತುಂಬುತ್ತದೆ. ಅದರ ಬದಲು ಮೂರನೇ ತಂತಿ ಒಂದನ್ನೇ ಹಿಡಿಯಿರಿ. 7ನೇ ಫ್ರೆಟ್ ನುಡಿಸಿ. ಆಮೇಲೆ 6, 5, 4, 3. ಡಿ, ಡಿ-ಫ್ಲಾಟ್, ಸಿ, ಬಿ, ಬಿ-ಫ್ಲಾಟ್. ಒಂದು ಬಾರ್‌ಗೆ ಒಂದು ಸ್ವರ. ಐದು ಬಾರ್ ಮುಗಿಯಿತು.

ಸುಮ್ನೆ ಹೇಳುತ್ತಿಲ್ಲ, ಒಂದೊಂದನ್ನೂ ಪರೀಕ್ಷಿಸಿ. ಡಿ ಅಂದರೆ ಮೊದಲ ಕಾರ್ಡಿನ ಏಳನೇ ಸ್ವರ. ಡಿ-ಫ್ಲಾಟ್ ಅಂದರೆ ಬಿ-ಫ್ಲಾಟ್ ಮೈನರಿನ ಮೂರನೇ ಸ್ವರ, ಅದೇ ಮುಂದಿನ ಇ-ಫ್ಲಾಟ್ 7ರ ಏಳನೇ ಸ್ವರವೂ ಹೌದು, ಅದಕ್ಕೇ ಎರಡು ಕಾರ್ಡಿಗೂ ಬೆರಳು ಎತ್ತುವ ಹಾಗಿಲ್ಲ. ಸಿ ಅಂದರೆ ಎ-ಫ್ಲಾಟ್ ಮೇಜರಿನ ಮೂರನೇ ಸ್ವರ. ಅದು ಒಂದು ಫ್ರೆಟ್ ಇಳಿದು ಬಿ ಆದ ಕೂಡಲೇ ಕಾರ್ಡ್ ಮೇಜರಿನಿಂದ ಮೈನರಿಗೆ ತಿರುಗುತ್ತದೆ. ಆ ಬಿ ಡಿ-ಫ್ಲಾಟ್ 7ರಲ್ಲೂ ಹಾಗೇ ಉಳಿಯುತ್ತದೆ. ಕೊನೆಗೆ ಬಿ-ಫ್ಲಾಟ್, ಮನೆಗೆ ಮರಳಿದ ಹಾಗೆ, ಇ-ಫ್ಲಾಟ್ ಕಾರ್ಡಿನ ಐದನೇ ಸ್ವರ.

ಮೂರನೇ ಬಾರಿನಿಂದ ನಾಲ್ಕಕ್ಕೆ ಹೋಗುವ ಆ ಒಂದು ಫ್ರೆಟ್ ಇದೆಯಲ್ಲ, ಸಿ ಇಂದ ಬಿ, ಈ ಹಾಡಿನ ಜೀವ ಅಲ್ಲಿದೆ ಅಂತ ನನ್ನ ನಂಬಿಕೆ. ಬೇಕಾದರೆ ಆ ಸ್ವರ ಇಳಿಸದೆ, 5ನೇ ಫ್ರೆಟ್‌ನಲ್ಲೇ ಬಿಟ್ಟು ನಾಲ್ಕನೇ ಬಾರ್ ನುಡಿಸಿ ನೋಡಿ. ಮೇಲೆ ಟ್ಯೂನ್ ಸರಿಯಾಗೇ ಇರುತ್ತದೆ, ಕೆಳಗೆ ಬೇಸ್ ಸರಿಯಾಗೇ ಇರುತ್ತದೆ, ಆದರೂ ಮೈನರಿನ ಆ ನೆರಳು ಬೀಳುವುದಿಲ್ಲ. ಮತ್ತೆ ಇಳಿಸಿ ನುಡಿಸಿ. ಬಂತು ಅಲ್ವಾ? ಇನ್ನು ಮುಂದೆ ಆ ಜಾಗಕ್ಕೆ ಬಂದಾಗಲೆಲ್ಲ ಆ ಬೆರಳಿಗೆ ಚೂರು ಜಾಸ್ತಿ ಗಮನ ಕೊಡಿ, ಸ್ವಲ್ಪ ಒತ್ತಿ ನುಡಿಸಿ.

ಇದಕ್ಕೆ ಬೇಸ್ ಮತ್ತು ಇನ್ನೊಂದು ಸ್ವರ ಸೇರಿಸಿದರೆ ಮೂರು ಸ್ವರದ ಪುಟ್ಟ ಕಾರ್ಡ್‌ಗಳು ಸಿಗುತ್ತವೆ. ಜಾಝ್ ಗಿಟಾರಿನವರು ಇವನ್ನು ಶೆಲ್ ಅನ್ನುತ್ತಾರೆ. ಬೇಸಿನಲ್ಲಿ ಮೂಲ ಸ್ವರ, ನಾಲ್ಕು ಮತ್ತು ಮೂರನೇ ತಂತಿಗಳಲ್ಲಿ ಕಾರ್ಡಿನ ಮೂರನೇ ಸ್ವರ, ಏಳನೇ ಸ್ವರ. ಅಷ್ಟೇ. ಐದನೇ ಸ್ವರ ಬೇಡ. ಮೇಲಿನ ಎರಡು ತಂತಿ ಟ್ಯೂನಿಗೆ ಖಾಲಿ ಉಳಿಯುತ್ತವೆ. ನಾಲ್ಕನೇ ತಂತಿ, ಆಮೇಲೆ ಮೂರನೇ ತಂತಿ, ಈ ಕ್ರಮದಲ್ಲಿ ಫ್ರೆಟ್ ಹೇಳುತ್ತೇನೆ. ಇ-ಫ್ಲಾಟ್ ಮೇಜರ್ 7ಕ್ಕೆ ಬೇಸ್ ಐದನೇ ತಂತಿಯ 6ನೇ ಫ್ರೆಟ್, ನಡುವೆ 5 ಮತ್ತು 7. ಬಿ-ಫ್ಲಾಟ್ ಮೈನರ್ 7ಕ್ಕೆ ಬೇಸ್ ಆರನೇ ತಂತಿಯ 6, ನಡುವೆ 6 ಮತ್ತು 6. ಇ-ಫ್ಲಾಟ್ 7ಕ್ಕೆ ಬೇಸ್ ಐದನೇ ತಂತಿಯ 6, ನಡುವೆ 5 ಮತ್ತು 6. ಎ-ಫ್ಲಾಟ್ ಮೇಜರ್ 7ಕ್ಕೆ ಬೇಸ್ ಆರನೇ ತಂತಿಯ 4, ನಡುವೆ 5 ಮತ್ತು 5. ಎ-ಫ್ಲಾಟ್ ಮೈನರ್ 7ಕ್ಕೆ ಬೇಸ್ ಅಲ್ಲೇ, ನಡುವೆ 4 ಮತ್ತು 4. ಡಿ-ಫ್ಲಾಟ್ 7ಕ್ಕೆ ಬೇಸ್ ಐದನೇ ತಂತಿಯ 4, ನಡುವೆ 3 ಮತ್ತು 4. ಕೊನೆಗೆ ಇ-ಫ್ಲಾಟ್, ಬೇಸ್ ಐದನೇ ತಂತಿಯ 6, ನಡುವೆ 5 ಮತ್ತು 3, ಇಲ್ಲಿ ಮಾತ್ರ ಏಳನೇ ಸ್ವರದ ಬದಲು ಐದನೆಯದು. ನಿಧಾನವಾಗಿ ಒಂದೊಂದೇ ಹಿಡಿಯಿರಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಬೆರಳು ಅಲ್ಲಾಡುತ್ತದೆ, ಯಾವುದು ಇದ್ದಲ್ಲೇ ಇರುತ್ತದೆ ಅನ್ನುವುದನ್ನು ಮಾತ್ರ ನೋಡಿ.

ಹಾಗೇ ಮುಂದಕ್ಕೆ ಹೋಗೋಣ. ಐದನೇ ಬಾರಿನ ಉತ್ತರಾರ್ಧದಲ್ಲಿ ಸಿ ಮೈನರ್ 7, ಆರರಲ್ಲಿ ಎಫ್ ಮೈನರ್ 7 ಮತ್ತು ಬಿ-ಫ್ಲಾಟ್ 7, ಏಳರಲ್ಲಿ ಜಿ ಮೈನರ್ 7 ಮತ್ತು ಸಿ 7, ಎಂಟರಲ್ಲಿ ಮತ್ತೆ ಎಫ್ ಮೈನರ್ 7 ಮತ್ತು ಬಿ-ಫ್ಲಾಟ್ 7. ಈ ತಿರುವು ನೂರಾರು ಹಾಡುಗಳಲ್ಲಿ ಬರುತ್ತದೆ, ಒಮ್ಮೆ ಕಲಿತರೆ ಎಲ್ಲ ಕಡೆ ಉಪಯೋಗ. ಇದರಲ್ಲೂ ಏಳು ಮತ್ತು ಎಂಟನೇ ಬಾರ್ ನೋಡಿ. ಜಿ ಮೈನರ್ 7ಕ್ಕೆ ಬೇಸ್ ಐದನೇ ತಂತಿಯ 10, ನಡುವೆ 8 ಮತ್ತು 10. ಸಿ 7ಕ್ಕೆ ಬೇಸ್ ಆರನೇ ತಂತಿಯ 8, ನಡುವೆ 8 ಮತ್ತು 9. ಎಫ್ ಮೈನರ್ 7ಕ್ಕೆ ಬೇಸ್ ಐದನೇ ತಂತಿಯ 8, ನಡುವೆ 6 ಮತ್ತು 8. ಬಿ-ಫ್ಲಾಟ್ 7ಕ್ಕೆ ಬೇಸ್ ಆರನೇ ತಂತಿಯ 6, ನಡುವೆ 6 ಮತ್ತು 7. ಈಗ ಮೂರನೇ ತಂತಿಯ ಅಂಕಿಗಳನ್ನಷ್ಟೇ ಓದಿ: 10, 9, 8, 7. ಅಲ್ಲಿಂದ ಹಾಡು ಮತ್ತೆ ಮೊದಲ ಬಾರ್‌ಗೆ ಬರುತ್ತದೆ, ಅಲ್ಲಿ ಮೂರನೇ ತಂತಿ ಎಲ್ಲಿತ್ತು? 7ನೇ ಫ್ರೆಟ್‌ನಲ್ಲಿ! ಅಲ್ಲಿಂದ ಮತ್ತೆ 6, 5, 4, 3. ಏಳನೇ ಬಾರಿನಿಂದ ಹಿಡಿದು ಮುಂದಿನ ‘ಎ’ಯ ಐದನೇ ಬಾರಿನವರೆಗೆ ಒಂದೇ ತಂತಿಯ ಮೇಲೆ ಹತ್ತರಿಂದ ಮೂರಕ್ಕೆ, ಒಂದು ಫ್ರೆಟ್ಟೂ ಬಿಡದೆ, ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಎಷ್ಟು ಸಲ ನುಡಿಸಿದರೂ ನನಗೆ ಇದು ಸಾಕೆನಿಸಿಲ್ಲ.

ನಿಮ್ಮ ‘ಮೊದಲಿಂದ ಶುರು’ ತೊಂದರೆಗೆ ಪರಿಹಾರವೂ ಇದೇ. ನಡುವೆ ಎಲ್ಲಿ ತಪ್ಪಿದರೂ ಈ ಇಳಿಯುವ ಸಾಲು ಕಿವಿಯಲ್ಲಿ ಓಡುತ್ತಿರುತ್ತದೆ. ಈಗ ಯಾವ ಸ್ವರದಲ್ಲಿದೆ ಅಂತ ಕೇಳಿಸಿಕೊಂಡರೆ ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ, ಅಲ್ಲಿಂದಲೇ ಸೇರಿಕೊಳ್ಳಬಹುದು. ಇದನ್ನು ಗಟ್ಟಿ ಮಾಡಿಕೊಳ್ಳಲು ಒಂದು ಅಭ್ಯಾಸ ಇದೆ. ಕೈಯಲ್ಲಿ ಬರೀ ಟ್ಯೂನ್ ನುಡಿಸುತ್ತಾ ಬಾಯಲ್ಲಿ ಈ ನಡುವಿನ ಸಾಲು ಹಾಡಿ. ಆಮೇಲೆ ತಿರುವಿ, ಕೈಯಲ್ಲಿ ನಡುವಿನ ಸಾಲು, ಬಾಯಲ್ಲಿ ಟ್ಯೂನ್. ಎರಡನೆಯದು ಸುಲಭ, ಮೊದಲನೆಯದು ಕಷ್ಟ. ಕಷ್ಟದ್ದನ್ನೇ ಜಾಸ್ತಿ ಮಾಡಿ.

‘ಬಿ’ ಭಾಗ, ಅಂದರೆ ನಡುವಿನ ಎಂಟು ಬಾರ್, ನೋಡಲು ಹೊಸದು, ಆದರೆ ಅರ್ಧ ನಿಮಗೆ ಆಗಲೇ ಬರುತ್ತದೆ. ಮೊದಲ ನಾಲ್ಕು ಬಾರ್ ಅದೇ ಬಿ-ಫ್ಲಾಟ್ ಮೈನರ್ 7, ಇ-ಫ್ಲಾಟ್ 7, ಎ-ಫ್ಲಾಟ್ ಮೇಜರ್ 7, ಈಗ ನಿಧಾನವಾಗಿ. ಐದನೇ ಬಾರಿನಲ್ಲಿ ಎ ಮೈನರ್ 7 ಬರುತ್ತದೆ, ಅಲ್ಲಿ ಕೇಳುವವರು ತಲೆ ಎತ್ತಿ ನೋಡುವ ಹಾಗಾಗುತ್ತದೆ. ಎಲ್ಲಿಂದಲೋ ಹೊಸ ಬೆಳಕು ಬಿದ್ದಂತೆ. ಆದರೆ ನಿಮ್ಮ ಕೈಯಲ್ಲಿ ಆಗುವುದೇನು? ಎ-ಫ್ಲಾಟ್ ಮೇಜರ್ 7ರ ಶೆಲ್ ಹಿಡಿದಿದ್ದೀರಿ, ಬೇಸ್ 4, ನಡುವೆ 5 ಮತ್ತು 5. ಬೇಸನ್ನು ಮಾತ್ರ 5ಕ್ಕೆ ಏರಿಸಿ. ಎ ಮೈನರ್ 7 ಆಯಿತು. ನಡುವಿನ ಎರಡು ಸ್ವರ ಇದ್ದಲ್ಲೇ ಇವೆ. ಆ ಎರಡು ಬೆರಳನ್ನು ಎತ್ತದೆ ಬೇಸನ್ನು ಮಾತ್ರ ಜಾರಿಸಿದರೆ ತಿರುವು ನಯವಾಗಿ ಕೇಳಿಸುತ್ತದೆ. ಆರನೇ ಬಾರಿನ ಡಿ 7ಕ್ಕೆ ಬೇಸ್ ಐದನೇ ತಂತಿಯ 5, ನಡುವೆ 4 ಮತ್ತು 5. ಅದರ ಜೊತೆ ಕೆಲವು ನೋಟೇಶನ್‌ಗಳಲ್ಲಿ ಎಫ್ 7 ಕೂಡ ಇರುತ್ತದೆ, ಎರಡೂ ನುಡಿಸಿ ನೋಡಿ ನಿಮ್ಮ ಕಿವಿ ಒಪ್ಪಿದ್ದು ಇಟ್ಟುಕೊಳ್ಳಿ. ಕೊನೆಯ ಎರಡು ಬಾರ್ ಮತ್ತೆ ಅದೇ 10, 9, 8, 7.

ಈಗ ಮೂರನ್ನೂ ಸೇರಿಸುವುದು. ಇಲ್ಲಿ ಜನ ಸಾಮಾನ್ಯವಾಗಿ ಟ್ಯೂನಿನ ಪ್ರತಿ ಸ್ವರದ ಕೆಳಗೂ ಕಾರ್ಡ್ ಇಡಲು ಹೋಗುತ್ತಾರೆ. ಬೇಡ. ಬಾರ್‌ಗೆ ಒಂದು ಕಾರ್ಡ್, ಕಾರ್ಡ್ ಎರಡಿದ್ದರೆ ಎರಡು. ಉಳಿದ ಟ್ಯೂನ್ ಒಂಟಿಯಾಗಿಯೇ ನಡೆಯಲಿ. ಕಾರ್ಡ್ ಹಿಡಿದು ಟ್ಯೂನ್ ಮುಂದುವರಿಸಲು ಬೆರಳು ಎಟುಕದಿದ್ದರೆ ಮೊದಲು ಬಿಡಬೇಕಾದ್ದು ಬೇಸ್. ಅದನ್ನು ಬೀಟಿನ ಮೇಲೆ ಮುಟ್ಟಿಸಿ ಬಿಟ್ಟರೂ ಕೇಳುವವರ ಕಿವಿ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಟ್ಯೂನಿನ ಸ್ವರವನ್ನು ಮಾತ್ರ ಮಧ್ಯದಲ್ಲಿ ಕತ್ತರಿಸಬೇಡಿ. ಹಾಡುವವರು ಪದದ ನಡುವೆ ಬಾಯಿ ಮುಚ್ಚಿದ ಹಾಗಾಗುತ್ತದೆ.

ಬಲಗೈ ವಿಷಯಕ್ಕೆ ಬಂದರೆ, ನಿಮ್ಮ ರೆಕಾರ್ಡಿಂಗ್‌ನಲ್ಲಿ ಹಾಡು ಕೇಳಿಸದಿರುವುದಕ್ಕೆ ಇದೂ ಒಂದು ಕಾರಣ ಇರಬೇಕು. ಪಿಕ್ ಬಿಟ್ಟು ಬೆರಳಲ್ಲಿ ನುಡಿಸಿ ಅನ್ನುವುದು ನನ್ನ ಸಲಹೆ. ಹೆಬ್ಬೆರಳು ಬೇಸಿಗೆ, ತೋರು ಮತ್ತು ನಡು ಬೆರಳು ನಡುವಿನ ಎರಡು ತಂತಿಗೆ, ಉಂಗುರ ಬೆರಳು ಟ್ಯೂನಿಗೆ. ನಾಲ್ಕೂ ಒಟ್ಟಿಗೆ ಎಳೆದರೂ ಉಂಗುರ ಬೆರಳಿನ ಸ್ವರ ಉಳಿದವುಗಳಿಗಿಂತ ಜೋರಾಗಿ ಬರಬೇಕು. ಬೆರಳುಗಳಲ್ಲಿ ಅದೇ ಬಲ ಕಡಿಮೆ ಇರುವುದು, ಹಾಗಾಗಿ ತಾನಾಗಿ ಬರುವುದಿಲ್ಲ. ಮೊದಲ ಇ-ಫ್ಲಾಟ್ ಕಾರ್ಡ್ ಒಂದನ್ನೇ ಹಿಡಿದು, ಉಳಿದ ಮೂರು ಸ್ವರ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ, ಡಿ ಮಾತ್ರ ಗಟ್ಟಿಯಾಗಿ ಬರುವ ತನಕ ಎಳೆಯುತ್ತಾ ಇರಿ. ಬೇಸರದ ಕೆಲಸ, ಆದರೆ ಇಷ್ಟು ಬೇಗ ಫಲ ಕೊಡುವ ಅಭ್ಯಾಸ ಇನ್ನೊಂದಿಲ್ಲ. ಕಾರ್ಡನ್ನು ಪ್ರತಿ ಸಲವೂ ಒಟ್ಟಿಗೇ ಎಳೆಯಬೇಕಾಗಿಲ್ಲ. ಕೆಲವು ಕಡೆ ಬೇಸಿನಿಂದ ಮೇಲಕ್ಕೆ ಒಂದೊಂದೇ ಬಿಡಿಸಿ ನುಡಿಸಿದರೆ ಟ್ಯೂನ್ ಕೊನೆಯಲ್ಲಿ ತಡವಾಗಿ ಬಂದು ಸೇರುತ್ತದೆ, ತುಂಬಾ ಚೆಂದ. ಎಲ್ಲ ಕಡೆ ಹಾಗೇ ಮಾಡಿದರೆ ಮಾತ್ರ ಸಪ್ಪೆ.

ಪಿಕ್ ತಪ್ಪು ಅಂತಲ್ಲ. ಗಿಟಾರ್ ವಾದಕ ಜಾನಿ ಸ್ಮಿತ್ 1952ರಲ್ಲಿ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಜೊತೆ ರೆಕಾರ್ಡ್ ಮಾಡಿದ ‘ಮೂನ್‌ಲೈಟ್ ಇನ್ ವರ್ಮಾಂಟ್’ ಕೇಳಿ. ಪಿಕ್‌ನಲ್ಲೇ ನುಡಿಸಿದ್ದು, ಆದರೂ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಎಲ್ಲೂ ಕೊಂಡಿ ಕಳಚುವುದಿಲ್ಲ. ವೆಸ್ ಮಾಂಟ್ಗಮರಿ ಹೆಬ್ಬೆರಳಲ್ಲೇ ಎಲ್ಲ ಮಾಡಿದರು. ಒಬ್ಬರೇ ನುಡಿಸುವ ಜಾಝ್ ಗಿಟಾರ್ ಹೇಗಿರುತ್ತದೆ ಅಂತ ತಿಳಿಯಲು ಜೋ ಪಾಸ್ ಅವರ 1973ರ ‘ವರ್ಚುಓಸೋ’ ಆಲ್ಬಮ್ ಇದೆ. ಆದರೆ ಅವರ ವೇಗ ನೋಡಿ ಹೆದರಬೇಡಿ. ವೇಗದ ಓಟಗಳನ್ನು ಬಿಟ್ಟು, ಅವರು ಟ್ಯೂನ್ ಹೇಳುವ ಜಾಗಗಳನ್ನು ಮಾತ್ರ ಕೇಳಿ. ನಿಮಗೆ ಈಗ ಬೇಕಾದ್ದು ಅಲ್ಲಿದೆ. ಇನ್ನೊಂದು, ಗಾಯಕಿ ಜೂಲಿ ಲಂಡನ್ ಅವರ 1955ರ ಮೊದಲ ಆಲ್ಬಮ್. ಹಾಡುವ ದನಿ, ಬಾರ್ನಿ ಕೆಸೆಲ್ ಅವರ ಗಿಟಾರ್, ಒಂದು ಬೇಸ್, ಅಷ್ಟೇ. ಎಷ್ಟು ಕಡಿಮೆ ನುಡಿಸಿದರೆ ಸಾಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಲಯದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬ್ಯಾಲಡ್ ಅಂದರೆ ನಿಧಾನ, ನಿಧಾನ ಅಂದರೆ ಹೇಗೆ ಬೇಕಾದರೂ ಎಳೆಯಬಹುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಲಯ ಗೊತ್ತಿದ್ದವರು ಎಳೆದರೆ ಹಾಡು, ಗೊತ್ತಿಲ್ಲದವರು ಎಳೆದರೆ ತಡವರಿಕೆ. ಕೇಳುವವರಿಗೆ ಎರಡರ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮೊದಲು ಮೆಟ್ರೊನೋಮ್ (ಬೀಟ್ ಎಣಿಸಿ ಟಿಕ್ ಅನ್ನುವ ಸಾಧನ) 60ಕ್ಕೆ ಇಟ್ಟು ಪೂರ್ತಿ ಸುತ್ತು ನುಡಿಸಿ. ಆಮೇಲೆ 30ಕ್ಕೆ ಇಳಿಸಿ, ಅದರ ಟಿಕ್ ಎರಡು ಮತ್ತು ನಾಲ್ಕನೇ ಬೀಟಿನ ಮೇಲೆ ಬೀಳುತ್ತಿದೆ ಅಂತ ಎಣಿಸಿಕೊಂಡು ಅದೇ ಹಾಡು ಅದೇ ವೇಗದಲ್ಲಿ ನುಡಿಸಿ. ಮೊದಲ ಬೀಟ್ ಯಾರೂ ಹೇಳಿಕೊಡುವುದಿಲ್ಲ, ನೀವೇ ಹಿಡಿದುಕೊಳ್ಳಬೇಕು. ಮನಸ್ಸಿನಲ್ಲಿ ಒಂದು ಬೀಟನ್ನು ಮೂರಾಗಿ ಒಡೆದು ಎಣಿಸಿದರೆ ನಿಧಾನದಲ್ಲೂ ಲಯ ಜಾರುವುದಿಲ್ಲ. ಇದು ಬಂದ ಮೇಲೆ ಮೆಟ್ರೊನೋಮ್ ಆರಿಸಿ, ಸಾಲಿನ ಕೊನೆಯಲ್ಲಿ ಹಿಗ್ಗಿಸಿ, ಮುಂದಿನ ಸಾಲಿನಲ್ಲಿ ಚೂರು ಮುಂದಕ್ಕೆ ಸಾಗಿ. ಗಾರ್ನರ್ ಅವರ ಹಾಗೆ ಟ್ಯೂನನ್ನು ಬೀಟಿಗಿಂತ ಚೂರು ಹಿಂದೆ ಇಟ್ಟು ನೋಡಿ. ಕಾರ್ಡ್ ಮಾತ್ರ ಬೀಟಿನ ಮೇಲೇ ಇರಲಿ.

ಅಲಂಕಾರಗಳ ಆಸೆ ಎಲ್ಲರಿಗೂ ಇರುತ್ತದೆ, ಒಂದೇ ಒಂದು ಹೇಳುತ್ತೇನೆ. ಎಂಟನೇ ಬಾರಿನ ಬಿ-ಫ್ಲಾಟ್ 7ರ ಬದಲು ಇ 7 ಹಾಕಿ. ನಡುವಿನ 6 ಮತ್ತು 7 ಹಾಗೇ ಇರಲಿ, ಬೇಸನ್ನು ಮಾತ್ರ ಆರನೇ ತಂತಿಯ 6ರಿಂದ ಐದನೇ ತಂತಿಯ 7ಕ್ಕೆ ತನ್ನಿ. ಈಗ ಬೇಸ್ ಕೂಡ ಐದನೇ ತಂತಿಯಲ್ಲಿ 8, 7, 6 ಅಂತ ಇಳಿದು ಇ-ಫ್ಲಾಟ್ ಸೇರುತ್ತದೆ. ಎರಡು ಕಾರ್ಡಿನ ನಡುವಿನ ಸ್ವರಗಳು ಒಂದೇ ಆಗಿರುವುದರಿಂದ ಈ ಬದಲಾವಣೆ ಹೊಂದುತ್ತದೆ. ಆ ಜಾಗದಲ್ಲಿ ಟ್ಯೂನಿನ ಸ್ವರದ ಜೊತೆ ಕಿವಿಗೆ ಒಗ್ಗುತ್ತದಾ ಅಂತ ನೋಡಿ ಇಟ್ಟುಕೊಳ್ಳಿ. ಒಂದು ಸುತ್ತಿನಲ್ಲಿ ಒಮ್ಮೆ ಸಾಕು. ಸ್ವಂತವಾಗಿ ಏನಾದರೂ ಸೇರಿಸಬೇಕು ಅನಿಸಿದಾಗ ಸ್ಕೇಲ್ ಓಡಿಸುವ ಬದಲು ಟ್ಯೂನನ್ನೇ ಚೂರು ಬದಲಿಸಿ. ಒಂದು ಸ್ವರಕ್ಕೆ ಕೆಳಗಿನ ಫ್ರೆಟ್‌ನಿಂದ ಜಾರಿ ಬನ್ನಿ, ಇನ್ನೊಂದನ್ನು ಅರ್ಧ ಬೀಟ್ ತಡ ಮಾಡಿ. ಎರಡನೇ ಸುತ್ತಿನಲ್ಲಿ ಟ್ಯೂನ್ ಬಿಟ್ಟು ನಡುವಿನ ಸಾಲನ್ನೇ ಮೇಲಕ್ಕೆ ತಂದು, ಅದರ ಸುತ್ತ ನಾಲ್ಕು ಸ್ವರ ಹೆಣೆದರೆ ಅದೇ ಒಂದು ಒಳ್ಳೆಯ ಸೋಲೋ.

ಗಿಟಾರ್ ವಿಷಯ: ನಿಮ್ಮಲ್ಲಿರುವುದೇ ಸಾಕು. ಎಲೆಕ್ಟ್ರಿಕ್ ಆದರೆ ಕುತ್ತಿಗೆ ಪಕ್ಕದ ಪಿಕಪ್ ಆರಿಸಿ, ಟೋನ್ ನಾಬ್ ಅರ್ಧಕ್ಕೆ ಇಳಿಸಿ, ರಿವರ್ಬ್ ಚೂರೇ ಇರಲಿ. ನೈಲಾನ್ ತಂತಿಯ ಗಿಟಾರ್ ಆದರೂ ಸೊಗಸು. ಸ್ಟೀಲ್ ತಂತಿಯ ಅಕೂಸ್ಟಿಕ್‌ನಲ್ಲಿ ಬ್ರಿಡ್ಜಿನಿಂದ ದೂರ, ಸೌಂಡ್‌ಹೋಲ್ ದಾಟಿ ಕುತ್ತಿಗೆಯ ಕಡೆ ಬೆರಳಿಟ್ಟು ನುಡಿಸಿದರೆ ದನಿ ಮೆತ್ತಗಾಗುತ್ತದೆ. ಹೊಸದು ಕೊಳ್ಳುವ ಯೋಚನೆ ಸದ್ಯಕ್ಕೆ ಬಿಡಿ.

ಹಾಡು ಮುಗಿಸಲು ಒಂದು ಚೆಂದದ ದಾರಿ ಇದೆ, ಅದೂ ನಿಮ್ಮ ಮೊದಲ ಕಾರ್ಡಿನ ಆಕಾರದಲ್ಲೇ. ಆ ನಾಲ್ಕು ತಂತಿಯ ಆಕಾರವನ್ನು ಹಾಗೇ ಒಂದು ಫ್ರೆಟ್ ಮೇಲಕ್ಕೆ ಜಾರಿಸಿ. ಇ ಮೇಜರ್ 7 ಆಗುತ್ತದೆ, ಅದರ ತುದಿಯಲ್ಲಿ, ಎರಡನೇ ತಂತಿಯ 4ನೇ ಫ್ರೆಟ್‌ನಲ್ಲಿ, ಇ-ಫ್ಲಾಟ್ ಸ್ವರ ಇರುತ್ತದೆ. ಅದನ್ನು ಎಳೆದು ಕಾಯಿರಿ. ಆಮೇಲೆ ಆ ಮೇಲಿನ ಬೆರಳು ಎತ್ತದೆ ಉಳಿದವನ್ನು ಹೀಗೆ ಬದಲಿಸಿ: ಐದನೇ ತಂತಿ 6, ನಾಲ್ಕನೆಯದು 5, ಮೂರನೆಯದು 5. ಇದು ಇ-ಫ್ಲಾಟ್ 6. ಮೇಲಿನ ಸ್ವರ ಅಲ್ಲೇ ಇದ್ದು, ಕೆಳಗಿನ ನೆಲ ಬಂದು ಅದಕ್ಕೆ ಸೇರಿಕೊಂಡ ಹಾಗೆ ಕೇಳಿಸುತ್ತದೆ.

ಎಷ್ಟು ಸಮಯ ಅಂತ ಕೇಳಿದ್ದೀರಿ. ಬಾರೆ ಕಾರ್ಡ್ ಬರುವ ಕೈಗೆ ಶೆಲ್‌ಗಳು ಕೆಲವೇ ದಿನದಲ್ಲಿ ಕೂರುತ್ತವೆ. ಟ್ಯೂನನ್ನು ಕಿವಿಯಿಂದ ಹುಡುಕುವುದಕ್ಕೆ ಅದಕ್ಕಿಂತ ಜಾಸ್ತಿ ಬೇಕು, ಅವಸರ ಮಾಡಬೇಡಿ. ಮೂರೂ ಸೇರಿ ಹಾಡಾಗಿ ಕೇಳಿಸಲು ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ತಿಂಗಳು ಅಂದುಕೊಳ್ಳಿ. ಬಂತೋ ಇಲ್ಲವೋ ಅಂತ ತಿಳಿಯಲು ದಿನ ಎಣಿಸುವ ಬದಲು ಇದನ್ನು ಮಾಡಿ: ಪೂರ್ತಿ ಹಾಡನ್ನು ಎರಡು ಫ್ರೆಟ್ ಮೇಲೆ, ಎಫ್ ಮೇಜರಿನಲ್ಲಿ ನುಡಿಸಿ. ಮೂರನೇ ತಂತಿಯ ಸಾಲು ಈಗ 9ರಿಂದ 5ಕ್ಕೆ ಇಳಿಯಬೇಕು. ಹಾಗೇ ನಾಲ್ಕನೇ ಬಾರ್ ಒಂದರಿಂದಲೇ, ಹಿಂದಿನದೇನೂ ನುಡಿಸದೆ, ಶುರು ಮಾಡಿ ನೋಡಿ. ಎರಡೂ ಆದರೆ ಈ ಹಾಡು ನಿಮಗೆ ಬಂದಿದೆ, ಮುಂದಿನ ಬ್ಯಾಲಡ್ ಆರಿಸಿಕೊಳ್ಳಬಹುದು. ಅದಕ್ಕೂ ಟ್ಯಾಬ್ ಹುಡುಕುವ ಮುಂಚೆ ಮೂರನೇ ತಂತಿಯಲ್ಲಿ ಏನು ನಡೆಯುತ್ತಿದೆ ಅಂತ ಮೊದಲು ಹುಡುಕಿ.